ಓರ್ಕ್‌ಗೆ ಹತ್ತು ಅಂಕ, ಚಿನ್ನದ ರಾಶಿಗೆ ಎರಡು ಸಾವಿರ: ರೋಲ್‌ಪ್ಲೇಯಿಂಗ್ ಆಟದ ನಿಯಮಗಳು ಆಡುವ ರೀತಿಯನ್ನು ಹೇಗೆ ರೂಪಿಸುತ್ತವೆ?

[ದೃಶ್ಯ: ಮೇಜಿನ ಮೇಲೆ ದಾಳಗಳು, ಪಾತ್ರದ ವಿವರ ಬರೆದ ಹಾಳೆ, ಪೆನ್ಸಿಲ್.]

ನಮಸ್ಕಾರ. ಆಟಗಾರನೊಬ್ಬನ ಪಾತ್ರ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದೆ, ಒಳಗಿನಿಂದ ಓರ್ಕ್ ಎಂಬ ರಕ್ಕಸರ ಸದ್ದು ಕೇಳಿಸುತ್ತಿದೆ ಎಂದುಕೊಳ್ಳೋಣ. ಅವನು ಕತ್ತಿ ಹಿರಿಯುತ್ತಾನೆಯೋ, ಸದ್ದಿಲ್ಲದೆ ಬಳಸಿ ಹೋಗುತ್ತಾನೆಯೋ, ಮಾತುಕತೆಗೆ ಇಳಿಯುತ್ತಾನೆಯೋ ಎಂಬುದು ಅವನ ಸ್ವಭಾವಕ್ಕೆ ಬಿಟ್ಟದ್ದೆಂದು ತೋರಬಹುದು. ಆದರೆ ಅದೇ ಆಟಗಾರನನ್ನು ಬೇರೆ ನಿಯಮಗಳ ಆಟದಲ್ಲಿ ಕೂರಿಸಿದರೆ ಅವನು ಬೇರೆಯೇ ದಾರಿ ಹಿಡಿಯುತ್ತಾನೆ. ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರವಾಗಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಪುಸ್ತಕಗಳು ಮುನ್ನುಡಿಯಲ್ಲಿ ಏನೇ ಹೇಳಿಕೊಂಡಿರಲಿ, ಅಂಕ ಯಾವುದಕ್ಕೆ ಸಿಗುತ್ತದೆ ಮತ್ತು ದಾಳ ಯಾವಾಗ ಉರುಳುತ್ತದೆ ಎಂಬುದನ್ನು ನೋಡಿದರೆ ಆ ಆಟದ ನಿಜವಾದ ಒಲವು ತಿಳಿಯುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಸೈನ್ಯಗಳನ್ನು ಕಾದಾಡಿಸುವ ಯುದ್ಧದಾಟಗಳಿಂದ ಕವಲೊಡೆದ ಆಟ. ಆದ್ದರಿಂದ ಹಳೆಯ ಆವೃತ್ತಿಗಳೆಂದರೆ ಕಂಡದ್ದನ್ನೆಲ್ಲ ಕಡಿಯುವ ಆಟ ಎಂಬ ಮಾತು ಚಾಲ್ತಿಯಲ್ಲಿದೆ. ಅದರ 1981ರ ಬೇಸಿಕ್ ಆವೃತ್ತಿಯ ಲೆಕ್ಕ ಈ ಮಾತನ್ನು ಒಪ್ಪುವುದಿಲ್ಲ.

[ದೃಶ್ಯ: ಪರದೆಯ ಒಂದು ಬದಿಯಲ್ಲಿ ಓರ್ಕ್, ಇನ್ನೊಂದು ಬದಿಯಲ್ಲಿ ನಾಣ್ಯಗಳ ರಾಶಿ.]

ಆ ಆವೃತ್ತಿಯಲ್ಲಿ ಯೋಧನೊಬ್ಬ ಎರಡನೆಯ ಲೆವೆಲ್‌ಗೆ ಏರಲು 2,000 ಅನುಭವದ ಅಂಕಗಳು ಬೇಕು. ಒಂದು ಓರ್ಕ್ ಅನ್ನು ಸೋಲಿಸಿದರೆ ಸಿಗುವುದು 10 ಅಂಕ, ಅದನ್ನೂ ಜೊತೆಗಾರರೊಂದಿಗೆ ಹಂಚಿಕೊಳ್ಳಬೇಕು. ಆದರೆ ಹೊರಗೆ ಹೊತ್ತು ತಂದ ಪ್ರತಿ ಚಿನ್ನದ ನಾಣ್ಯಕ್ಕೂ ಒಂದೊಂದು ಅಂಕ, ಅಂದರೆ ಎರಡು ಸಾವಿರ ನಾಣ್ಯಗಳ ರಾಶಿಗೆ ಎರಡು ಸಾವಿರ ಅಂಕ. ಯೋಧನ ಪ್ರಾಣಬಲವನ್ನು ಎಂಟು ಮುಖದ ಒಂದೇ ದಾಳ ನಿರ್ಧರಿಸುತ್ತದೆ, ಓರ್ಕ್‌ನ ಒಂದು ಏಟು ಆರು ಮುಖದ ದಾಳದಷ್ಟಿರುತ್ತದೆ. ಹೀಗಿರುವಾಗ 200 ಓರ್ಕ್‌ಗಳನ್ನು ಕೊಂದು ಮೇಲೇರುತ್ತೇನೆಂದು ಹೊರಟವನು ಎರಡನೆಯ ಕೋಣೆಯನ್ನೂ ದಾಟಲಾರ.

ಇದಕ್ಕೆ ಇನ್ನೂ ಎರಡು ನಿಯಮಗಳು ಬೆಸೆದುಕೊಂಡಿವೆ. ಹೊರೆಯನ್ನು ನಾಣ್ಯಗಳ ಲೆಕ್ಕದಲ್ಲೇ ಅಳೆಯುವ ಈ ಪುಸ್ತಕದಲ್ಲಿ 400 ನಾಣ್ಯಗಳ ಭಾರ ದಾಟಿದೊಡನೆ ನಡಿಗೆ ನಿಧಾನವಾಗುತ್ತದೆ ಮತ್ತು 1,600ಕ್ಕಿಂತ ಹೆಚ್ಚು ಹೊರಲು ಯಾರಿಗೂ ಆಗದು. ಇತ್ತ ಸುರಂಗದಲ್ಲಿ ಕಳೆದ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಡೆಸುವ ಗೇಮ್ ಮಾಸ್ಟರ್ ದಾಳ ಹಾಕುತ್ತಾನೆ, ಆರರಲ್ಲಿ ಒಂದು ಪಾಲಿನಷ್ಟು ಸಂದರ್ಭಗಳಲ್ಲಿ ಅಲೆದಾಡುವ ಜೀವಿಗಳು ಎದುರಾಗುತ್ತವೆ. ಚಿನ್ನ ಹೆಚ್ಚಿದಂತೆ ನಡೆ ನಿಧಾನವಾಗುತ್ತದೆ, ನಡೆ ನಿಧಾನವಾದಂತೆ ಅಪಾಯ ಬೆಳೆಯುತ್ತದೆ. ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂಬ ಪ್ರಶ್ನೆಯೇ ಆಟದ ತಿರುಳಾಗುವುದು ಹೀಗೆ. ಎದುರಾದ ಜೀವಿಯ ಮನೋಭಾವಕ್ಕೂ ಎರಡು ದಾಳಗಳ ಪಟ್ಟಿಯೊಂದಿದ್ದು, ಅದರಲ್ಲಿ 2 ಬಿದ್ದರೆ ಮಾತ್ರ ಅದು ತಕ್ಷಣ ಮೇಲೆರಗುತ್ತದೆ, 12 ಬಿದ್ದರೆ ಸ್ನೇಹಕ್ಕೇ ಬರುತ್ತದೆ. ಈ ಪಟ್ಟಿಯನ್ನು ಬೇಸರವೆಂದು ಬದಿಗಿಟ್ಟು, ಆಮೇಲೆ ಹಳೆಯ ಆಟದಲ್ಲಿ ಬರೀ ಹೊಡೆದಾಟವೆಂದು ದೂರುವವರನ್ನು ಕಂಡಾಗ ನನಗೆ ನಗು ಬರುತ್ತದೆ.

ಅದೇ 1981ರಲ್ಲಿ ಬಂದ, ಭೀಕರ ರಹಸ್ಯಗಳನ್ನು ಭೇದಿಸುವ ಕಾಲ್ ಆಫ್ ಕ್ತುಲ್ಹು ಆಟದಲ್ಲಿ ಚಿನ್ನಕ್ಕೆ ಕಿಮ್ಮತ್ತಿಲ್ಲ. ಅಲ್ಲಿ ಮನಸ್ಸಿನ ಸ್ತಿಮಿತವೂ ಒಂದು ಸಂಖ್ಯೆ. ಭೀಕರವಾದುದನ್ನು ಕಂಡಾಗ ಅದು ಇಳಿಯುತ್ತದೆ, ಗೂಢ ವಿದ್ಯೆಯ ಅರಿವು ಹೆಚ್ಚಿದಷ್ಟೂ ಅದರ ಗರಿಷ್ಠ ಮಿತಿಯೇ ತಗ್ಗುತ್ತದೆ. ರಹಸ್ಯ ಭೇದಿಸಲು ಓದಲೇಬೇಕು, ಓದಿದರೆ ಕೆಡುವುದು ಖಚಿತ. ಭಯದ ಕಥೆಗೆ ಇದಕ್ಕಿಂತ ಹೊಂದುವ ಲೆಕ್ಕಾಚಾರ ನನಗೆ ತೋಚದು. ಆದರೂ ಪತ್ತೇದಾರಿಯಲ್ಲಿ ಒಂದು ತೊಡಕು ಉಳಿಯುತ್ತದೆ: ಸುಳಿವು ಹುಡುಕುವ ದಾಳ ಕೈಕೊಟ್ಟರೆ ಕಥೆ ನಿಂತಲ್ಲೇ ನಿಲ್ಲುತ್ತದೆ. ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ನಿಯಮಗಳಲ್ಲಿ ತಕ್ಕ ಕೌಶಲವಿರುವವನು ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ದಾಳವಿಲ್ಲದೆಯೇ ದೊರೆಯುತ್ತದೆ. ಸುಳಿವುಗಳ ಅರ್ಥವೇನೆಂದು ತಲೆ ಕೆಡಿಸಿಕೊಳ್ಳುವುದು ಅಲ್ಲಿನ ಆಟ.

[ದೃಶ್ಯ: ಎರಡು ದಾಳಗಳ 36 ಸಾಧ್ಯತೆಗಳ ಚೌಕ, ಮೂರು ಬಣ್ಣಗಳಲ್ಲಿ.]

ವಿನ್ಸೆಂಟ್ ಮತ್ತು ಮೆಗ್ವೇ ಬೇಕರ್ 2010ರಲ್ಲಿ ಹೊರತಂದ ಅಪಾಕಲಿಪ್ಸ್ ವರ್ಲ್ಡ್‌ನಲ್ಲಿ ದಾಳದ ಕೆಲಸವೇ ಬೇರೆ. ಎರಡು ದಾಳಗಳಿಗೆ ಪಾತ್ರದ ಗುಣಾಂಕ ಸೇರಿಸಿದ ಮೊತ್ತ 10 ಅಥವಾ ಹೆಚ್ಚಾದರೆ ಪೂರ್ಣ ಯಶಸ್ಸು, 7ರಿಂದ 9ರವರೆಗೆ ಬೆಲೆ ತೆತ್ತು ಪಡೆವ ಯಶಸ್ಸು, 6 ಅಥವಾ ಕಡಿಮೆಯಾದರೆ ಗೇಮ್ ಮಾಸ್ಟರ್ ಹೊಸ ಸಂಕಟ ತಂದೊಡ್ಡುತ್ತಾನೆ. ಆ ಗುಣಾಂಕ ಸೊನ್ನೆಯಾಗಿದ್ದರೆ 36ರಲ್ಲಿ 15 ಸಾಧ್ಯತೆಗಳು ನಡುವಿನ ಫಲಕ್ಕೆ, 15 ಸಂಕಟಕ್ಕೆ, ಉಳಿದ 6 ಮಾತ್ರ ನಿರಾತಂಕ ಗೆಲುವಿಗೆ ಸಲ್ಲುತ್ತವೆ. ಯಾವ ದಾಳವೂ "ಏನೂ ಆಗಲಿಲ್ಲ" ಎಂದು ಮುಗಿಯುವುದಿಲ್ಲವಾದ್ದರಿಂದ, ಮುಂಚಿತವಾಗಿ ಹೆಣೆದ ಕಥೆಯಿಲ್ಲದೆಯೂ ಪ್ರತಿ ಉರುಳಿನಿಂದ ಮುಂದಿನ ದೃಶ್ಯ ಹುಟ್ಟುತ್ತದೆ. ಎಚ್ಚರಿಕೆಯ ಯೋಜನೆಯಿಂದ ಅಪಾಯವನ್ನು ತಪ್ಪಿಸಿಕೊಳ್ಳುವುದರಲ್ಲೇ ಸುಖ ಕಾಣುವ ಆಟಗಾರನಿಗೆ ಇದು ಕಿರಿಕಿರಿಯೆನಿಸುತ್ತದೆ, ಅವನ ತಕರಾರು ನ್ಯಾಯವಾದದ್ದೇ.

ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಆಟವು ಯೋಜನೆ ಹಾಕುವ ಹೊತ್ತನ್ನೇ ತೆಗೆದುಹಾಕಿ, ಕಳ್ಳತನದ ನಡುವೆ "ಕಾವಲುಗಾರನಿಗೆ ನಿನ್ನೆಯೇ ಲಂಚ ಕೊಟ್ಟಿದ್ದೆ" ಎಂದು ಹಿಂದಿನ ಘಟನೆಯನ್ನು ತೋರಿಸಲು ಅವಕಾಶ ಕೊಡುತ್ತದೆ. ಅದು ಸುಲಭದ ಕೆಲಸವಲ್ಲದಿದ್ದರೆ ಪಾತ್ರದ ಒತ್ತಡದ ಅಂಕ ಏರುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯಲ್ಲಿ ಚಿನ್ನಕ್ಕೆ ಅಂಕವಿಲ್ಲ. ಅಂಕಗಳನ್ನೇ ಎಣಿಸದೆ, ಕಥೆ ಒಂದು ಘಟ್ಟ ತಲುಪಿದಾಗ ಎಲ್ಲರನ್ನೂ ಮೇಲಿನ ಲೆವೆಲ್‌ಗೆ ಏರಿಸುವ ಆಯ್ಕೆಯೂ ಅದರಲ್ಲಿದೆ. ಆ ಆಯ್ಕೆ ಹಿಡಿದ ಮೇಜಿನಲ್ಲಿ ಓರ್ಕ್‌ಗೂ ಬೆಲೆಯಿಲ್ಲ, ಪೆಟ್ಟಿಗೆಯ ನಾಣ್ಯಕ್ಕೂ ಬೆಲೆಯಿಲ್ಲ. ಬಾಗಿಲಲ್ಲಿ ನಿಂತ ನಮ್ಮ ಆಟಗಾರ, ಕಥೆ ಯಾವ ಕಡೆಗಿದೆ ಎಂದು ಗೇಮ್ ಮಾಸ್ಟರ್‌ನ ಮುಖ ನೋಡತೊಡಗುತ್ತಾನೆ.