ಷೆರಿಫ್ ಮತ್ತು ಲೆಕ್ಕದ ಮೇಜು

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಕಾಫಿ ಕುಡಿಯುವಾಗ ಒಬ್ಬ ಹುಡುಗ ಕೇಳಿದ: "ಸರ್, ಷೆರಿಫ್ ಅನ್ನೋದೂ ನಮ್ಮ ಶಿಶುನಾಳ ಶರೀಫರ ಹೆಸರೂ ಒಂದೇನಾ?" ಒಳ್ಳೇ ಪ್ರಶ್ನೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಒಂದಲ್ಲ. ಶರೀಫ್ ಅರಬ್ಬಿ ಮಾತು. ಒಳ್ಳೇ ಮನೆತನದವನು, ಗೌರವಸ್ಥ ಎಂದು ಅರ್ಥ. ಷೆರಿಫ್ ಹಳೇ ಇಂಗ್ಲಿಷಿನ ಅಪ್ಪಟ ದೇಸಿ ಪದ. ‘ಶೈರ್’ ಅಂದರೆ ಒಂದು ಸೀಮೆ. ಯಾರ್ಕ್‌ಶೈರ್, ಹ್ಯಾಂಪ್‌ಶೈರ್ ಕೇಳಿದ್ದೀರಲ್ವಾ, ಅದೇ ಶೈರ್. ‘ರೀವ್’ ಅಂದರೆ ಒಡೆಯನ ಪರವಾಗಿ ಆಸ್ತಿ, ವಸೂಲಿ ನೋಡಿಕೊಳ್ಳುವವನು. ಶೈರ್‌ನ ರೀವ್, ನಾಲಿಗೆಯ ಮೇಲೆ ಸವೆದು ಸವೆದು ಷೆರಿಫ್ ಆದ. ಹಳೇ ಮೈಸೂರಿನ ಹಿರಿಯರಿಗೆ ಅಮಲ್ದಾರ ಎಂದರೆ ಬೇಗ ಹೊಳೆಯುತ್ತದೆ.

ನಮ್ಮ ಮಕ್ಕಳಿಗೆ ಷೆರಿಫ್ ಅಂದರೆ ಎದೆಯ ಮೇಲೆ ನಕ್ಷತ್ರ, ಸೊಂಟದಲ್ಲಿ ಪಿಸ್ತೂಲು, ಕೆಳಗೊಂದು ಕುದುರೆ. ಸಿನಿಮಾ ಕೊಟ್ಟ ಚಿತ್ರ ಅದು. ಅದರಲ್ಲಿ ಈ ಹುದ್ದೆಯ ಜೀವಾಳವೇ ಕಾಣೆಯಾಗಿದೆ. ಜೀವಾಳ ಯಾವುದು? ಲೆಕ್ಕ. ರಾಜನ ದುಡ್ಡಿಗೆ ಲೆಕ್ಕ ಕೊಡುವವನು ಷೆರಿಫ್.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಷೆರಿಫ್‌ಗಳ ಕೈ ಮೇಲಾಯಿತು. ಸೀಮೆಯ ನ್ಯಾಯಸಭೆ, ಕಳ್ಳರನ್ನು ಹಿಡಿಯುವುದು, ಕಂದಾಯ, ಎಲ್ಲವೂ ಒಬ್ಬನ ಕೈಯಲ್ಲಿ. ವಸೂಲಿಯ ಒಂದು ದೊಡ್ಡ ಭಾಗ ಗುತ್ತಿಗೆಯ ಹಾಗೆ ನಡೆಯುತ್ತಿತ್ತು. ರಾಜನಿಗೆ ಇಷ್ಟು ಎಂದು ಗೊತ್ತುಮಾಡಿದ ಮೊತ್ತ ಕಟ್ಟಿದರೆ ಸಾಕು, ಜಾಸ್ತಿ ಎತ್ತಿದ್ದು ಅವನ ಜೇಬಿಗೆ. ಜನ ಎಷ್ಟು ನರಳಿರಬೇಕು, ನೀವೇ ಯೋಚಿಸಿ.

ಆದರೆ ಅವನನ್ನೂ ಕೂರಿಸಿ ಕೇಳುವ ಒಂದು ಮೇಜು ಇತ್ತು. ಅದರ ಕತೆ ಹೇಳದೆ ನಾನು ಇಳಿಯುವವನಲ್ಲ! ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಲೆಕ್ಕಕ್ಕೆ ಇಡುವ ಕಾಯಿ ಉರುಳಿ ಬೀಳದ ಹಾಗೆ ಸುತ್ತ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಚೌಕಳಿ ಗೆರೆಯ ಕಪ್ಪು ಬಟ್ಟೆ. ಚದುರಂಗದ ಹಾಸಿನಂಥ ಈ ಬಟ್ಟೆಯಿಂದಲೇ ಆ ಖಜಾನೆಗೆ ಎಕ್ಸ್‌ಚೆಕರ್ ಎಂದು ಹೆಸರು ಬಂತು. ಬ್ರಿಟನ್ನಿನ ಹಣಕಾಸು ಮಂತ್ರಿಯ ಪದವಿಯಲ್ಲಿ ಇವತ್ತಿಗೂ ಆ ಪದ ಇದೆ. ಷೆರಿಫ್ ಒಂದು ಕಡೆ, ರಾಜನ ಅಧಿಕಾರಿಗಳು ಇನ್ನೊಂದು ಕಡೆ. ಅವನು ಕಟ್ಟಬೇಕಾದದ್ದು ಒಂದು ಸಾಲು ಕಾಯಿ, ಕಟ್ಟಿದ್ದು ಇನ್ನೊಂದು ಸಾಲು. ಓದು ಬಾರದವನಿಗೂ ಬಾಕಿ ಕಣ್ಣಿಗೆ ಹೊಡೆಯುತ್ತಿತ್ತು.

ರಸೀದಿ ಯಾವುದು ಗೊತ್ತಾ? ಕಚ್ಚು ಹಾಕಿದ ಕೋಲು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ, ಒಂದು ಹೋಳು ಷೆರಿಫ್‌ಗೆ, ಒಂದು ಖಜಾನೆಗೆ. ಯಾರಾದರೂ ಕಳ್ಳ ಕಚ್ಚು ಹಾಕಿದರೆ ಎರಡು ಹೋಳು ಕೂಡುತ್ತಲೇ ಇರಲಿಲ್ಲ. ಷೆರಿಫ್ ತಂದ ಬೆಳ್ಳಿ ನಾಣ್ಯವನ್ನೂ ಸುಮ್ನೆ ನಂಬುತ್ತಿರಲಿಲ್ಲ. ಮಾದರಿ ತೆಗೆದು ಕರಗಿಸಿ ನೋಡುತ್ತಿದ್ದರು. ಇಂಥ ಹಳೇ ಕೋಲುಗಳನ್ನು 1834ರಲ್ಲಿ ಒಲೆಗೆ ಹಾಕಿ ಸುಡುವಾಗಲೇ ಬೆಂಕಿ ಹಬ್ಬಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡ ಸುಟ್ಟುಹೋಯಿತು.

ಮತ್ತೆ ಲೆಕ್ಕಕ್ಕೇ ಬರುತ್ತೇನೆ. 1170ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಫ್ರಾನ್ಸ್ ಕಡೆಯಿಂದ ವಾಪಸ್ ಬಂದ. ಷೆರಿಫ್‌ಗಳ ಮೇಲೆ ರಾಶಿ ದೂರು. ವಿಚಾರಣೆ ಮಾಡಿಸಿದ, ಬಹುಪಾಲು ಷೆರಿಫ್‌ಗಳನ್ನು ಮನೆಗೆ ಕಳಿಸಿದ. ಜನರನ್ನೇ ಕೇಳಿದ್ದು ನೋಡಿ: ಯಾರಿಂದ ಏನೇನು ಎತ್ತಿಕೊಂಡರು, ಹೇಳಿ ಎಂದು. ನನಗೆ ಈ ಪದದ ಮೇಲೆ ಇಷ್ಟೊಂದು ಪ್ರೀತಿ ಇರುವುದು ಇದಕ್ಕೇ. ರಾಜನ ಅಧಿಕಾರಕ್ಕೆ ಕಡಿವಾಣ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದಲ್ಲಿ ಇನ್ನೂ ಸಣ್ಣ ಮಾತು, ಆದರೆ ಎಷ್ಟು ಮುಖ್ಯ ಮಾತು! ಸ್ವತಂತ್ರ ಮನುಷ್ಯನ ಕುದುರೆಯನ್ನಾಗಲಿ ಗಾಡಿಯನ್ನಾಗಲಿ ಅವನು ಒಪ್ಪದೆ ಷೆರಿಫ್ ತೆಗೆದುಕೊಳ್ಳುವಂತಿಲ್ಲ. ಗಾಡಿ ಕಳೆದುಕೊಂಡ ರೈತನ ಸಂಕಟ ಅಲ್ಲಿ ಕಾನೂನಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಸ್ಕಾಟ್ಲೆಂಡಿನಲ್ಲಿ ಷೆರಿಫ್ ಅಂದರೆ ನ್ಯಾಯಾಧೀಶ. ನಮ್ಮಲ್ಲಿಗೆ ಈ ಹುದ್ದೆ ಕಂಪನಿ ಕಾಲದಲ್ಲಿ ಮದ್ರಾಸ್, ಬಾಂಬೆ, ಕಲ್ಕತ್ತಕ್ಕೆ ಬಂತು. ಅಧಿಕಾರ ಹೋಗಿ ಗೌರವ ಮಾತ್ರ ಉಳಿಯಿತು. ಸುನಿಲ್ ಗವಾಸ್ಕರ್ ಕೂಡ ಮುಂಬೈ ಷೆರಿಫ್ ಆಗಿದ್ದರು. ಅಮೆರಿಕದಲ್ಲಿ ಹೆಚ್ಚಿನ ಕಡೆ ಜನರೇ ಓಟು ಹಾಕಿ ಆರಿಸುತ್ತಾರೆ. ಹೌದು, ಅಲ್ಲಿ ನಕ್ಷತ್ರವೂ ಇದೆ, ಪಿಸ್ತೂಲೂ ಇದೆ. ಆದರೆ ವೆಸ್ಟ್ ವರ್ಜೀನಿಯಾಕ್ಕೆ ಹೋಗಿ ನೋಡಿ. ಅಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಖಜಾಂಚಿಯೂ ಷೆರಿಫೇ. ಮನೆ ತೆರಿಗೆ ಕಟ್ಟಬೇಕಾದವರು ಈಗಲೂ ಅವನ ಕಚೇರಿಗೇ ಕಟ್ಟುತ್ತಾರೆ.

ಪ್ರಶ್ನೆ ಇದ್ದವರು ಕೇಳಿ.