ಮೂರು ಕಕ್ಕಸುಗಳ ಕಥೆ, ಮತ್ತು ಶಾಲೆಯ ದಿನಸಿ ಬಿಲ್ಲು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಕೇಳಿಸದಿದ್ದರೂ ಕೈ ಎತ್ತಬೇಡಿ, ಈ ಮೈಕಿನ ತಾಕತ್ತು ಇಷ್ಟೇ.

ಅಧ್ಯಕ್ಷರು ನನಗೆ ಕೊಟ್ಟ ವಿಷಯ ‘ಮೆಲ್ಬರ್ನ್‌ನಲ್ಲಿ ಮಕ್ಕಳಿಗೆ ಶಾಲೆ ಆರಿಸುವುದು ಹೇಗೆ’ ಅಂತ. ಕ್ಷಮಿಸಬೇಕು, ನಾನು ಸ್ವಲ್ಪ ದಾರಿ ತಪ್ಪುತ್ತೇನೆ. ಕಾರಣ ಹೇಳ್ತೇನೆ. ಹೋದ ತಿಂಗಳು ಇದೇ ಸಭಾಂಗಣದ ಹಿಂದಿನ ಮೇಜಿನ ಹತ್ತಿರ ಕಾಫಿ ಕುಡಿಯುತ್ತಿದ್ದೆ. ಟಾರ್ನೀಟ್ ಕಡೆಯ ಒಬ್ಬರು, ಒಳ್ಳೆಯವರೇ, ಎರಡು ಮಕ್ಕಳನ್ನು ಖಾಸಗಿ ಶಾಲೆಗೆ ಹಾಕಿದ್ದಾರೆ, ಹೇಳಿದರು: “ಸರ್, ನನ್ನ ಮಕ್ಕಳ ಓದಿಗೆ ನಾನೇ ಫೀಸು ಕಟ್ತೇನೆ, ಸರ್ಕಾರಕ್ಕೆ ನನ್ನಿಂದ ಒಂದು ಡಾಲರ್ ಖರ್ಚಿಲ್ಲ.” ನನ್ನ ಕಾಫಿ ಅಲ್ಲೇ ಆರಿಹೋಯಿತು. ಮೂವತ್ತು ವರ್ಷ ಇಲ್ಲಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು, ಲೆಕ್ಕ ತಪ್ಪಿದರೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಇವತ್ತಿನ ಮಾತು ಅವರಿಗೆ ಉತ್ತರ. ಅವರು ಬಂದಿದ್ದಾರೆ, ಮೂರನೇ ಸಾಲು. ಹೆಸರು ಹೇಳುವುದಿಲ್ಲ, ನಗುತ್ತಿರುವುದರಿಂದ ನಿಮಗೇ ಗೊತ್ತಾಗ್ತದೆ.

ಶಾಲೆಗೆ ಬರುವ ದುಡ್ಡು ಎರಡು ಜಾತಿ. ಒಂದು ಕಟ್ಟಡಕ್ಕೆ. ಇನ್ನೊಂದು ವರ್ಷ ವರ್ಷವೂ ಬರುವ ಆವರ್ತಕ ಅನುದಾನ, ಅಂದರೆ ಮೇಷ್ಟ್ರ ಸಂಬಳ, ಕರೆಂಟು, ಸೀಮೆಸುಣ್ಣ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮಲ್ಲಿ ಗಾದೆ ಉಂಟು. ಮದುವೆ ಆದ ಮೇಲೆ ನಲವತ್ತು ವರ್ಷ ಕಟ್ಟುವ ದಿನಸಿ ಬಿಲ್ಲಿನ ಬಗ್ಗೆ ಒಂದೂ ಗಾದೆ ಇಲ್ಲ. ಮನೆ ಮುಳುಗುವುದು ಮಾತ್ರ ಅದರಲ್ಲೇ. ಈ ದೇಶದಲ್ಲಿ ಕ್ಯಾಥೊಲಿಕ್ ಶಾಲೆಗಳ, ಇಂಡಿಪೆಂಡೆಂಟ್ ಅನ್ನುವ ಇತರ ಖಾಸಗಿ ಶಾಲೆಗಳ ದಿನಸಿ ಬಿಲ್ಲಿನಲ್ಲಿ ದೊಡ್ಡದೊಂದು ಪಾಲನ್ನು ಕಟ್ಟುವುದು ಕೇಂದ್ರ ಸರ್ಕಾರ. ಅಂದರೆ ನೀವು, ನಾನು, ಮಕ್ಕಳೇ ಇಲ್ಲದ ನಮ್ಮ ಪಕ್ಕದ ಮನೆಯ ಅಜ್ಜಿ.

ಇದು ಶುರುವಾದದ್ದು ಕಕ್ಕಸಿನಿಂದ. ಮಕ್ಕಳೇ, ನಗಬೇಡಿ, ಇತಿಹಾಸ ಇದು.

ನೀವೆಲ್ಲ ಸಿಡ್ನಿಗೆ ಕಾರಿನಲ್ಲಿ ಹೋಗುವಾಗ ಗೋಲ್ಬರ್ನ್ ಹತ್ತಿರ ನಿಲ್ಲಿಸ್ತೀರಿ. ಅಲ್ಲೊಂದು ಕಾಂಕ್ರೀಟ್ ಟಗರು ಉಂಟಲ್ಲ, ಐವತ್ತು ಅಡಿ ಎತ್ತರದ್ದು? ಎಲ್ಲರ ಫೋನಿನಲ್ಲೂ ಅದರ ಜೊತೆ ಒಂದು ಫೋಟೋ ಇದ್ದೇ ಇದೆ. ಟಗರಿನ ಫೋಟೋ ತೆಗೆದು ಹೊರಟುಬಿಡ್ತೀರಿ, ಊರಿನೊಳಗೆ ಹೋಗುವುದಿಲ್ಲ. ನಾನು ಹೋಗಿದ್ದೇನೆ, ಹೆಂಡತಿಯ ಹತ್ತಿರ ಬೈಸಿಕೊಂಡೂ ಹೋಗಿದ್ದೇನೆ. 1962ರಲ್ಲಿ ಆ ಊರಿನ ಕ್ಯಾಥೊಲಿಕ್ ಸಿಸ್ಟರ್‌ಗಳ ಪ್ರೈಮರಿ ಶಾಲೆಗೆ ಸರ್ಕಾರದಿಂದ ಅಪ್ಪಣೆ ಬಂತು: ಇನ್ನೂ ಮೂರು ಕಕ್ಕಸು ಕಟ್ಟಿಸಿ, ಇಲ್ಲದಿದ್ದರೆ ಮಾನ್ಯತೆ ಇಲ್ಲ. ನ್ಯಾಯವಾದ ಮಾತೇ. ಆದರೆ ದುಡ್ಡಿಲ್ಲ. ಸರ್ಕಾರ ನಿಯಮ ಹಾಕ್ತದೆ, ಬಿಡಿಗಾಸು ಕೊಡುವುದಿಲ್ಲ. ಊರಿನ ಕ್ಯಾಥೊಲಿಕರು ಸಭೆ ಸೇರಿದರು. ಸುಮಾರು ಏಳುನೂರು ಜನ. ಗಲಾಟೆ, ಭಾಷಣ, ಕೊನೆಗೆ ಓಟು. ನಮ್ಮ ಸಂಘದ ಮಹಾಸಭೆಯ ಹಾಗೇ, ಒಂದೇ ವ್ಯತ್ಯಾಸ, ಅವರು ಒಂದು ತೀರ್ಮಾನಕ್ಕೆ ಬಂದರು. ಏನು ತೀರ್ಮಾನ? “ನಮ್ಮ ಶಾಲೆಗಳಿಗೆಲ್ಲ ಬೀಗ ಹಾಕೋಣ. ಮಕ್ಕಳನ್ನು ಸರ್ಕಾರಿ ಶಾಲೆಗೆ ಕರಕೊಂಡು ಹೋಗಿ, ಸೇರಿಸಿಕೊಳ್ಳಿ ಅನ್ನೋಣ.”

ಕಲ್ಪಿಸಿಕೊಳ್ಳಿ. ಜುಲೈ ತಿಂಗಳು, ಗೋಲ್ಬರ್ನಿನ ಚಳಿ ಅಂದರೆ ಹಲ್ಲು ಕಟಕಟ. ಸೋಮವಾರ ಬೆಳಿಗ್ಗೆ ಸರ್ಕಾರಿ ಶಾಲೆಗಳ ಗೇಟಿನ ಮುಂದೆ ಬೇರೆ ಬೇರೆ ಸಮವಸ್ತ್ರದ ಮಕ್ಕಳು, ಜೊತೆಗೆ ಅಪ್ಪ ಅಮ್ಮಂದಿರು. ಮುಷ್ಕರ ಅಂದರೆ ಕೆಲಸಕ್ಕೆ ಹೋಗದೆ ಇರುವುದು ಅಂತ ನಾವು ತಿಳಿದದ್ದು. ಇವರು ಶಾಲೆಗೆ ಹೋಗಿ ಮುಷ್ಕರ ಮಾಡಿದರು! ಸುಮಾರು 2,000 ಮಕ್ಕಳು. ಜಾಗ ಸಿಕ್ಕಿದ್ದು 640 ಮಕ್ಕಳಿಗೆ. ಉಳಿದವರು ಮನೆಗೆ. ಒಂದೇ ವಾರಕ್ಕೆ ಮುಗಿಯಿತು. ಆದರೆ ಅವರು ಮಾಡಿ ತೋರಿಸಿದ್ದು ಒಂದು ಲೆಕ್ಕ: ನಾವು ನಿಮ್ಮ ಮಕ್ಕಳನ್ನು ಪುಕ್ಕಟೆ ಓದಿಸುತ್ತಿದ್ದೇವೆ, ನಾವು ಕೈಬಿಟ್ಟರೆ ನಿಮಗೆ ಸುಧಾರಿಸಲಿಕ್ಕೆ ಆಗುವುದಿಲ್ಲ.

ಪುಕ್ಕಟೆ ಅಂದೆ. ಪುಕ್ಕಟೆ ಓದಿಸಿದ್ದು ಯಾರು? ಸಿಸ್ಟರ್‌ಗಳು. ನಮ್ಮ ವಿಕ್ಟೋರಿಯಾದಲ್ಲಿ 1872ರ ಕಾಯ್ದೆ ಬಂತು, ಶಿಕ್ಷಣ ಉಚಿತ, ಕಡ್ಡಾಯ, ಧರ್ಮದಿಂದ ದೂರ ಅಂತ. ನ್ಯೂ ಸೌತ್ ವೇಲ್ಸ್‌ನಲ್ಲಿ 1880ರಲ್ಲಿ. ಚರ್ಚಿನ ಶಾಲೆಗಳಿಗೆ ಕೊಡುತ್ತಿದ್ದ ದುಡ್ಡು ನಿಂತಿತು. ಕ್ಯಾಥೊಲಿಕರಲ್ಲಿ ಹೆಚ್ಚಿನವರು ಐರಿಷ್ ಕೂಲಿಕಾರರು, ಬಡವರು. ಆದರೂ ಶಾಲೆ ಮುಚ್ಚಲಿಲ್ಲ. 1866ರಲ್ಲೇ ಮೇರಿ ಮೆಕ್ಕಿಲಪ್ ಪೆನೋಲ ಊರಲ್ಲಿ ಕುದುರೆ ಲಾಯದಲ್ಲಿ ಶಾಲೆ ಶುರು ಮಾಡಿದ್ದಳು, 2010ರಲ್ಲಿ ರೋಮಿನವರು ಸಂತಳೆಂದು ಘೋಷಿಸಿದ ಅದೇ ಹೆಂಗಸು. ಅಂಥ ಸಾವಿರಾರು ಹೆಂಗಸರು ಊಟ, ಬಟ್ಟೆಗೆ ಕೆಲಸ ಮಾಡಿದರು. ತೊಂಬತ್ತು ವರ್ಷ ಆ ದಿನಸಿ ಬಿಲ್ಲು ಕಟ್ಟಿದ್ದು ಸಂಬಳ ಕೇಳದ ಹೆಂಗಸರು. ಎರಡನೇ ಮಹಾಯುದ್ಧದ ನಂತರ ಇಟಲಿ, ಮಾಲ್ಟಾ, ಪೋಲೆಂಡಿನಿಂದ ವಲಸೆ ಬಂದವರ ಮಕ್ಕಳು ತರಗತಿಯಲ್ಲಿ ತುಂಬಿ ತುಳುಕಿದರು. ಅದೇ ಹೊತ್ತಿಗೆ ಸಿಸ್ಟರ್ ಆಗುವವರು ಕಡಿಮೆಯಾದರು. ಅವರ ಜಾಗಕ್ಕೆ ಮದುವೆಯಾದ, ಮನೆಸಾಲ ಇರುವ ಮೇಷ್ಟ್ರು ಬಂದರು. ಅವರಿಗೆ ಪುಣ್ಯದ ಜೊತೆ ಸಂಬಳವೂ ಬೇಕು. ಗೋಲ್ಬರ್ನಿನಲ್ಲಿ ಕಕ್ಕಸು ನೆಪ ಮಾತ್ರ ಮಾರಾಯ್ರೆ, ಹಿಂದೆ ಇದ್ದದ್ದು ಈ ಲೆಕ್ಕ.

1963ರ ಚುನಾವಣೆಗೆ ಆಗಿನ ಪ್ರಧಾನಿ ಮೆನ್ಜೀಸ್, ಕ್ಯಾಥೊಲಿಕ್ ಅಲ್ಲ, ಪಕ್ಕಾ ಪ್ರೆಸ್ಬಿಟೇರಿಯನ್ ಮನುಷ್ಯ, ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಹೈಸ್ಕೂಲುಗಳಿಗೂ ವಿಜ್ಞಾನ ಪ್ರಯೋಗಾಲಯ ಕಟ್ಟಿಸಿಕೊಡ್ತೇನೆ ಅಂದರು, ಗೆದ್ದರು. ಅದು ಕಟ್ಟಡದ ದುಡ್ಡು, ಒಂದು ಸಲದ್ದು. ನಿಜವಾದ ಬಾಗಿಲು ತೆರೆದದ್ದು 1970ರಲ್ಲಿ: ಖಾಸಗಿ ಶಾಲೆಯ ಪ್ರೈಮರಿ ಮಗುವಿಗೆ ವರ್ಷಕ್ಕೆ 35 ಡಾಲರ್, ಹೈಸ್ಕೂಲಿಗೆ 50. ಬಡ ಶಾಲೆ, ಸಿರಿವಂತ ಶಾಲೆ ಅಂತ ಭೇದ ಇಲ್ಲ, ತಲೆ ಎಣಿಸಿ ದುಡ್ಡು.

ತಲೆ ಎಣಿಕೆ ಅಂದಾಗ ನನಗೆ ನನ್ನ ಊರು ನೆನಪಾಗ್ತದೆ. ಮೂಡುಬಿದಿರೆ ಹತ್ತಿರದ ಒಂದು ಹಳ್ಳಿ, ಸಿಸ್ಟರ್‌ಗಳ ಏಡೆಡ್ ಶಾಲೆ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ನನ್ನ ಫೀಸಿನ ಬಗ್ಗೆ ಮನೆಯಲ್ಲಿ ಒಂದು ದಿನವೂ ಚಿಂತೆ ಇರಲಿಲ್ಲ, ಯಾಕಂದರೆ ಮೇಷ್ಟ್ರ ಸಂಬಳ ಸರ್ಕಾರದ್ದು. ಮಕ್ಕಳ ಸಂಖ್ಯೆ ಇಳಿದರೆ ಮೇಷ್ಟ್ರ ಹುದ್ದೆಗೆ ಕುತ್ತು. ಹಾಗಾಗಿ ಇನ್ಸ್‌ಪೆಕ್ಟರ್ ಬರುವ ದಿನ ಹೆಡ್ ಸಿಸ್ಟರ್ ನಮ್ಮನ್ನು ನಾಲ್ಕು ದಿಕ್ಕಿಗೆ ಓಡಿಸುತ್ತಿದ್ದರು: “ಹೋಗಿ, ಗದ್ದೆಯಲ್ಲಿ ಯಾರೆಲ್ಲ ಇದ್ದಾರೋ ಎಳೆದುಕೊಂಡು ಬನ್ನಿ.” ಒಮ್ಮೆ ನನ್ನ ಗೆಳೆಯನೊಬ್ಬ ಆತುರದಲ್ಲಿ ಏಳನೇ ಕ್ಲಾಸು ಮುಗಿಸಿ ಎರಡು ವರ್ಷವಾದ ಅವನ ಅಣ್ಣನನ್ನೇ ಕರೆತಂದ. ಮೀಸೆ ಮೂಡಿದ ಆಳು, ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತಿದ್ದ. ಇನ್ಸ್‌ಪೆಕ್ಟರ್ ನೋಡಿದರು. ಸಿಸ್ಟರ್ ನೋಡಿದರು. ಇನ್ಸ್‌ಪೆಕ್ಟರು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ, “ಈ ಸಲ ಭತ್ತ ಹೇಗಿದೆ?” ಇಲ್ಲಿ ಖಾಸಗಿ ಶಾಲೆಗಳಿಗೆ ಆಗಸ್ಟಿನಲ್ಲಿ ಎಣಿಕೆಯ ದಿನ ಬರ್ತದೆ, ಆಗೆಲ್ಲ ನನಗೆ ಆ ಮೊಣಕಾಲು ಕಣ್ಣಮುಂದೆ.

ನಗು ಸಾಕು, ನನ್ನ ವಾದ ಇಲ್ಲೇ ಇರುವುದು. ಆ ಶಾಲೆ ಚರ್ಚಿನದು, ಸಂಬಳ ಸರ್ಕಾರದ್ದು, ಬೆಂಚಿನಲ್ಲಿ ಕೂತದ್ದು ಊರಿನ ಎಲ್ಲ ಮಕ್ಕಳು. ದುಡ್ಡು ಕೊಟ್ಟ ಸರ್ಕಾರ ಗೇಟು ತೆರೆಸಿತ್ತು. ಆಸ್ಟ್ರೇಲಿಯಾ ದುಡ್ಡು ಕೊಟ್ಟಿತು, ಗೇಟಿನ ಮಾತು ಎತ್ತಲಿಲ್ಲ. ಫೀಸು ಎಷ್ಟು ಬೇಕಾದರೂ ಇಡಿ, ಯಾವ ಮಗುವನ್ನು ಬೇಕಾದರೂ ಬೇಡ ಅನ್ನಿ, ನಿಮ್ಮ ಇಷ್ಟ.

ಇದನ್ನು ಕೋರ್ಟಿಗೆ ಒಯ್ದವರು ಸರ್ಕಾರಿ ಶಾಲೆಗಳ ಪರವಾಗಿ ಹೋರಾಡಿದವರು. ಅವರ ಸಂಘಟನೆಯ ಹೆಸರಿನ ಮೊದಲಕ್ಷರ ಸೇರಿಸಿದರೆ ‘ಡಾಗ್ಸ್’ ಆಗ್ತದೆ, ಹಾಗಾಗಿ ಕೇಸಿಗೂ ಅದೇ ಹೆಸರು ಅಂಟಿತು. ಸಂವಿಧಾನದ 116ನೇ ಕಲಂ ಪ್ರಕಾರ ಕೇಂದ್ರ ಯಾವ ಧರ್ಮವನ್ನೂ ಸ್ಥಾಪಿಸುವ ಕಾಯ್ದೆ ಮಾಡಬಾರದು, ಚರ್ಚಿನ ಶಾಲೆಗೆ ದುಡ್ಡು ಕೊಡುವುದು ಅದೇ ಅಲ್ಲವೇ ಅಂತ ಅವರ ವಾದ. 1981ರಲ್ಲಿ ಹೈಕೋರ್ಟ್, ಇಲ್ಲಿ ಅದೇ ಸರ್ವೋಚ್ಚ, ಆರು ಜನ ನ್ಯಾಯಾಧೀಶರು ಅಲ್ಲ ಅಂದರು, ಲಯನಲ್ ಮರ್ಫಿ ಒಬ್ಬರೇ ಹೌದು ಅಂದರು. ನನ್ನನ್ನು ಕೇಳಿದರೆ ಅವರು ಹಿಡಿದ ದಾರಿಯೇ ತಪ್ಪು. ಜಗಳ ಶಿಲುಬೆಯ ಬಗ್ಗೆ ಆಯಿತು, ಆಗಬೇಕಾಗಿದ್ದದ್ದು ಗೇಟಿನ ಬಗ್ಗೆ. ಆ ಏಡೆಡ್ ಶಾಲೆಯ ಗೋಡೆಯಲ್ಲೂ ಶಿಲುಬೆ ಇತ್ತು, ನನಗೇನೂ ಆಗಲಿಲ್ಲ, ಮಗ್ಗಿ ಚೆನ್ನಾಗಿ ಬಂತು.

ಅಧ್ಯಕ್ಷರು ಗಡಿಯಾರ ತೋರಿಸ್ತಿದ್ದಾರೆ. ಸರಿ, ಬೇಗ ಬೇಗ.

ಈಗಿನ ಲೆಕ್ಕ ಶಾಲೆಗಳ ಅನುದಾನ ಪರಿಶೀಲಿಸಿದ ಗೊನ್ಸ್ಕಿ ಸಮಿತಿಯ 2011ರ ವರದಿಯಿಂದ ಬಂದದ್ದು, 2013ರಲ್ಲಿ ಕಾಯ್ದೆಯಾಯಿತು. ಒಂದು ಮಗುವಿಗೆ ಇಷ್ಟು ಬೇಕು ಅಂತ ಮೂಲ ಮೊತ್ತ. 2024ರಲ್ಲಿ ಪ್ರೈಮರಿಗೆ 13,570 ಡಾಲರ್, ಹೈಸ್ಕೂಲಿಗೆ 17,053. ಅಂಗವೈಕಲ್ಯ, ಬಡತನ, ಮೂಲನಿವಾಸಿ ಮಕ್ಕಳು, ಇಂಗ್ಲಿಷ್ ಬಾರದವರು, ಚಿಕ್ಕ ಶಾಲೆ, ದೂರದ ಊರು, ಇದಕ್ಕೆಲ್ಲ ಮೇಲಿಂದ ಇನ್ನಷ್ಟು. ಖಾಸಗಿ ಶಾಲೆ ಆದರೆ ಅಪ್ಪ ಅಮ್ಮಂದಿರ ಆದಾಯ ನೋಡಿ ಮೂಲ ಮೊತ್ತದಲ್ಲಿ ನೂರಕ್ಕೆ 10ರಿಂದ 80ರಷ್ಟು ಕಡಿತ. ಮೊದಲು ಮನೆಯ ಬೀದಿಯ ಜನಗಣತಿ ನೋಡಿ ಅಂದಾಜು ಮಾಡುತ್ತಿದ್ದರು, 2020ರಿಂದ ತೆರಿಗೆ ದಾಖಲೆಯನ್ನೇ ನೋಡ್ತಾರೆ. ಮೂರನೇ ಸಾಲಿನವರೇ, ಬರೆದುಕೊಳ್ಳಿ: ಕಡಿಮೆ ಆದಾಯದ ಪ್ರೈಮರಿ ಶಾಲೆಯ ಒಂದು ಮಗುವಿಗೆ 12,213 ಡಾಲರ್ ಉಳೀತದೆ. ಅತಿ ಸಿರಿವಂತ ಶಾಲೆಯ ಮಗುವಿಗೂ 2,714. ಇದರಲ್ಲಿ ನೂರಕ್ಕೆ 80 ಕೇಂದ್ರದ್ದು, 20 ರಾಜ್ಯದ್ದು, ಇದು ಸರ್ಕಾರ ತಲುಪಬೇಕೆಂದು ಇಟ್ಟುಕೊಂಡ ಗುರಿ. ನಿಮ್ಮ ಮಕ್ಕಳ ಶಾಲೆ ಇವೆರಡರ ನಡುವೆ ಎಲ್ಲೋ ಉಂಟು. ಒಂದು ಡಾಲರ್ ಅಂತೂ ಅಲ್ಲ.

ಇನ್ನೊಂದು. ಕ್ಯಾಥೊಲಿಕ್ ಶಾಲೆಗಳ ದುಡ್ಡು ನೇರ ಶಾಲೆಗೆ ಹೋಗುವುದಿಲ್ಲ, ಇಡೀ ಗಂಟು ಅವರ ರಾಜ್ಯದ ಸಂಸ್ಥೆಗೆ ಹೋಗ್ತದೆ, ಅವರು ತಮ್ಮ ಲೆಕ್ಕದಲ್ಲಿ ಹಂಚಿಕೊಳ್ತಾರೆ. ಕೂಡುಕುಟುಂಬದ ಹಾಗೆ. ಯಾರಿಗೆ ಎಷ್ಟು ಬಡಿಸಿದರು ಅಂತ ಹೊರಗಿನವರಿಗೆ ಗೊತ್ತಾಗುವುದು ಸ್ವಲ್ಪ ಕಷ್ಟ.

ಗೊನ್ಸ್ಕಿ ಹೇಳಿದ್ದು ಹಸಿವು ನೋಡಿ ಬಡಿಸಿ ಅಂತ. ಆದರೆ ಆಗಿನ ಪ್ರಧಾನಿ ಗಿಲಾರ್ಡ್ ಮೊದಲೇ ಮಾತು ಕೊಟ್ಟಾಗಿತ್ತು, ಯಾವ ಶಾಲೆಗೂ ಒಂದು ಡಾಲರ್ ಕಡಿಮೆ ಆಗುವುದಿಲ್ಲ ಅಂತ. ಅವರದ್ದು ತಪ್ಪು ಅನ್ನಲಾರೆ. 2004ರಲ್ಲಿ ಅವರದೇ ಲೇಬರ್ ಪಕ್ಷದ ನಾಯಕ ಲೇಥಮ್ 67 ಸಿರಿವಂತ ಶಾಲೆಗಳ ಪಟ್ಟಿ ಹಿಡಿದು, ಇವರದ್ದು ಕಡಿಮೆ ಮಾಡ್ತೇನೆ ಅಂದು ಚುನಾವಣೆಗೆ ಹೋಗಿ ಸೋತು ಬಂದಿದ್ದರು. ಅಲ್ಲಿಂದ ಬಡಿಸುವವರು ಯಾರ ಎಲೆಯಿಂದಲೂ ಹಪ್ಪಳ ಎತ್ತುವ ಧೈರ್ಯ ಮಾಡಿಲ್ಲ. ಪಂಕ್ತಿಯ ಈ ತುದಿಯಲ್ಲಿ ಎರಡನೇ ಸಲ ಹೋಳಿಗೆ ಬಂತು, ಆ ತುದಿಯ ಸರ್ಕಾರಿ ಶಾಲೆಗಳು ಇನ್ನೂ ಅನ್ನಕ್ಕೆ ಕಾಯ್ತಾ ಇವೆ. ಅವುಗಳಿಗೆ ಪೂರ್ತಿ ಮೊತ್ತ ತಲುಪಿಸುವ ಒಪ್ಪಂದ 2025ರ ಮಾರ್ಚಿನಲ್ಲಿ ಕ್ವೀನ್ಸ್‌ಲ್ಯಾಂಡ್ ಸಹಿಯೊಂದಿಗೆ ಮುಗಿಯಿತು. ತಲುಪುವುದು ಯಾವಾಗ ಅಂದರೆ 2034. ಇವತ್ತು ಪ್ರೆಪ್‌ಗೆ, ಅಂದರೆ ಶಾಲೆಯ ಮೊದಲ ವರ್ಷಕ್ಕೆ, ಸೇರಿದ ಮಗು ಆಗ ಹೈಸ್ಕೂಲಿನಲ್ಲಿ ಇರ್ತದೆ.

ನ್ಯೂಜಿಲೆಂಡಿನ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ, ಈಗ ಎರಡು ವಾಕ್ಯ. 1975ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು, ಕ್ಯಾಥೊಲಿಕ್ ಶಾಲೆಗಳು ಸರ್ಕಾರಿ ವ್ಯವಸ್ಥೆಯೊಳಗೆ ಬಂದವು, ಶಿಲುಬೆ ಉಳೀತು, ದಿನಸಿ ಬಿಲ್ಲು ಪೂರ್ತಿ ಸರ್ಕಾರದ್ದಾಯಿತು. ಪಾಠಕ್ಕೆ ಅಂತ ಫೀಸು ವಸೂಲಿ ಮಾಡುವ ಹಾಗಿಲ್ಲ, ಕಟ್ಟಡಕ್ಕಾಗಿ ಒಂದು ಸಣ್ಣ ಮೊತ್ತ, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ನಾಲ್ಕು ವಾಕ್ಯ ಆಯಿತು, ಪರವಾಗಿಲ್ಲ. ನಾನು ಕೇಳುವುದು ಇಷ್ಟನ್ನೇ: ಪೂರ್ತಿ ಕೊಡಿ, ಗೇಟು ತೆರೆಸಿ. ಅರ್ಧ ಕೊಟ್ಟು ಗೇಟಿನ ಕೀಲಿಯನ್ನೂ ಅವರಿಗೇ ಕೊಡುವ ಈ ಪದ್ಧತಿ ನನಗೆ ಅರ್ಥವೇ ಆಗುವುದಿಲ್ಲ.

‘ನಾವೂ ಒಂದು ಶಾಲೆ ಶುರು ಮಾಡೋಣ, ಸರ್ಕಾರ ದುಡ್ಡು ಕೊಡ್ತದಂತೆ’ ಅನ್ನುವ ಮಾತು ನಮ್ಮವರಲ್ಲೂ ಓಡಾಡ್ತಾ ಇದೆ. ಕೊಡ್ತದೆ, ನಿಜ. ಲಾಭ ಮಾಡುವ ಹಾಗಿಲ್ಲ ಅನ್ನುವ ನಿಯಮ ಮೊದಲು ಓದಿ. ಆಮೇಲೆ ನಿಮ್ಮ ಗೇಟಿನ ಬಗ್ಗೆ ನನಗೊಂದು ಫೋನ್ ಮಾಡಿ.

ಅಂದ ಹಾಗೆ ಈ ಸಭಾಂಗಣ ಯಾರದ್ದು ಅಂತ ನೋಡಿದಿರಾ? ಕ್ಯಾಥೊಲಿಕ್ ಪ್ರೈಮರಿ ಶಾಲೆಯದು. ನಮ್ಮ ಕನ್ನಡ ತರಗತಿಗೆ ಶನಿವಾರ ಬಾಡಿಗೆ ಕಡಿಮೆ ತಗೊಳ್ತಾರೆ, ಒಳ್ಳೆಯ ಜನ. ಇವತ್ತು ರಾತ್ರಿ ಮನೆಗೆ ಹೋಗಿ ‘ಮೈ ಸ್ಕೂಲ್’ ವೆಬ್‌ಸೈಟಿನಲ್ಲಿ ಈ ಶಾಲೆಯ ಹಣಕಾಸು ಪುಟ ತೆರೆಯಿರಿ, ಆಮೇಲೆ ನಿಮ್ಮ ಮಕ್ಕಳ ಶಾಲೆಯದ್ದು. ಕೇಂದ್ರದ್ದು ಎಷ್ಟು, ರಾಜ್ಯದ್ದು ಎಷ್ಟು, ಫೀಸು ಎಷ್ಟು, ಸಾಲಾಗಿ ಬರೆದಿದ್ದಾರೆ.

ಕೀ ಎಂಟೂವರೆಗೆ ವಾಪಸ್ ಕೊಡಬೇಕಂತೆ. ಪ್ರಶ್ನೆ ಇದ್ದವರು ಕುರ್ಚಿ ಮಡಚುತ್ತಾ ಕೇಳಿ, ಮೂರನೇ ಸಾಲಿನಿಂದ ಶುರು ಮಾಡೋಣ. ಕಕ್ಕಸು ಎಡಗಡೆ, ಕಾರಿಡಾರಿನ ತುದಿಯಲ್ಲಿ. ಎಣಿಸಿ ನೋಡಿದ್ದೇನೆ, ಆರಿವೆ.