ಶೈಲೇಂದ್ರರ ಬೊರೊಬುದೂರು: ಮುಚ್ಚಿದ ಪಾದದ ಅಕ್ಷರಗಳು

ಕೇಳುಗರಿಗೆ ನಮಸ್ಕಾರ.

ಜಾವಾ ದ್ವೀಪದ ನಡುಭಾಗದಲ್ಲಿ, ಮೆರಾಪಿ ಜ್ವಾಲಾಮುಖಿಯ ಸುತ್ತಲ ಬಯಲುಗಳಲ್ಲಿ, ಕ್ರಿ.ಶ. ಎಂಟು ಮತ್ತು ಒಂಬತ್ತನೆಯ ಶತಮಾನಗಳಲ್ಲಿ ಒಂದು ಬೌದ್ಧ ರಾಜವಂಶ ಆಳುತ್ತಿತ್ತು. ಅವರು ತಮ್ಮನ್ನು ಶೈಲೇಂದ್ರರೆಂದು, ಅಂದರೆ ಬೆಟ್ಟದೊಡೆಯರೆಂದು ಕರೆದುಕೊಂಡರು. ಅವರ ಚರಿತ್ರೆಯನ್ನು ಕೆಲವೇ ಶಾಸನಗಳಿಂದ ಜೋಡಿಸಿಕೊಳ್ಳಬೇಕಾಗಿದೆ. ಆದರೆ ಆ ಶಾಸನಗಳು ಕನ್ನಡ ನಾಡಿನ ಓದುಗರಿಗೆ ಅಪರಿಚಿತವೆನಿಸುವುದಿಲ್ಲ.

ಶಕವರ್ಷ 700ರ, ಅಂದರೆ ಕ್ರಿ.ಶ. 778ರ ಕಲಸನ್ ಶಾಸನವು ಸಂಸ್ಕೃತದಲ್ಲಿದೆ. ತಾರಾದೇವಿಗೆ ಗುಡಿ ಕಟ್ಟಿಸಿ, ಕಲಸ ಎಂಬ ಹಳ್ಳಿಯನ್ನು ಭಿಕ್ಷುಸಂಘಕ್ಕೆ ದತ್ತಿ ಬಿಟ್ಟುದನ್ನು ಅದು ಹೇಳುತ್ತದೆ. ಕೊನೆಗೆ, ಮುಂದೆ ಬರುವ ಅರಸರೆಲ್ಲರನ್ನೂ ಬೇಡಿಕೊಳ್ಳುವ ಶ್ಲೋಕದಲ್ಲಿ ‘ಸಾಮಾನ್ಯೋಽಯಂ ಧರ್ಮಸೇತುಃ’, ಅಂದರೆ ಈ ಧರ್ಮದ ಸೇತುವೆ ಎಲ್ಲರಿಗೂ ಸೇರಿದ್ದು, ಎಂಬ ಮಾತು ಬರುತ್ತದೆ. ನಮ್ಮ ಊರುಗಳ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಮಾತೂ ಇದೇ. ಕಡಲಾಚೆಯ ಆ ಕಲ್ಲಿನಲ್ಲಿ ಇದನ್ನು ಕಂಡಾಗ ಮನಸ್ಸು ತುಂಬಿ ಬರುತ್ತದೆ.

ಈ ವಂಶದ ಕಾಲದ ಮಹಾಕೃತಿ ಬೊರೊಬುದೂರು. ಒಂದು ಗುಡ್ಡವನ್ನೇ ಒಳಗಿಟ್ಟುಕೊಂಡು, ಸುಮಾರು ಇಪ್ಪತ್ತು ಲಕ್ಷ ಜ್ವಾಲಾಮುಖಿಯ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ ಕಟ್ಟಿದ ಸ್ತೂಪವಿದು. ಕೆಳಗೆ ಚೌಕದ ಅಂತಸ್ತುಗಳು, ಮೇಲೆ ಮೂರು ವೃತ್ತಾಕಾರದ ಜಗಲಿಗಳು. ಆ ಜಗಲಿಗಳ ಮೇಲೆ ಜಾಲಂಧ್ರದ 72 ಸ್ತೂಪಗಳು, ಒಂದೊಂದರೊಳಗೂ ಒಬ್ಬ ಬುದ್ಧ. ಪ್ರದಕ್ಷಿಣೆ ಹಾಕುತ್ತ ಮೇಲೇರುವ ಯಾತ್ರಿಕನ ಪಕ್ಕದಲ್ಲಿ ಬುದ್ಧನ ಜೀವನವೂ ಜಾತಕ ಕಥೆಗಳೂ ಗೋಡೆಯುದ್ದಕ್ಕೂ ಸಾಗುತ್ತವೆ.

ಆದರೆ ನನ್ನ ಮನಸ್ಸು ನಿಲ್ಲುವುದು ಕಣ್ಣಿಗೆ ಬೀಳದ ತಳಭಾಗದಲ್ಲಿ. 1885ರಲ್ಲಿ, ಈಗ ಕಾಣುವ ಅಗಲವಾದ ಪಾದದ ಹಿಂದೆ ಇನ್ನೊಂದು ಪಾದವಿರುವುದು ಪತ್ತೆಯಾಯಿತು. ಅಲ್ಲಿ 160 ಶಿಲ್ಪಫಲಕಗಳು. ಯಾವ ಕರ್ಮಕ್ಕೆ ಯಾವ ಫಲ ಎಂಬುದೇ ಅವುಗಳ ವಿಷಯ. ಕೆಲವು ಫಲಕಗಳ ಮೇಲಂಚಿನಲ್ಲಿ, ಏನನ್ನು ಕೆತ್ತಬೇಕೆಂದು ಶಿಲ್ಪಿಗೆ ತಿಳಿಸಲು ಬರೆದ ಪುಟ್ಟ ಪದಗಳು ಹಾಗೆಯೇ ಉಳಿದಿವೆ. ಅವುಗಳಲ್ಲಿ ‘ಸ್ವರ್ಗ’ ಒಂದು, ‘ವಿರೂಪ’ ಇನ್ನೊಂದು. ಲಿಪಿ ಹಳೆಯ ಜಾವಾದ್ದು, ಪದಗಳು ಮಾತ್ರ ನಾವು ದಿನವೂ ಆಡುವಂಥವು. ‘ವಿರೂಪ’ ಎಂದು ಬರೆದ ಕಡೆ ಕೆಳಗೆ ಸೊಟ್ಟ ಮೋರೆಯ ಜನರು ಕುಳಿತಿದ್ದಾರೆ.

ಈ ಫಲಕಗಳನ್ನು ಏಕೆ ಮುಚ್ಚಿದರು? ಪಾಪದ ಚಿತ್ರಗಳನ್ನು ಮರೆಮಾಡಲೆಂದು ಕೆಲವು ವಿದ್ವಾಂಸರು, ಕುಸಿಯತೊಡಗಿದ ಕಟ್ಟಡಕ್ಕೆ ಆನಿಕೆ ಕೊಡಲೆಂದು ಇನ್ನು ಕೆಲವರು ಹೇಳುತ್ತಾರೆ. ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ. ಏಕೆಂದರೆ ಕೆಲವು ಫಲಕಗಳ ಕೆತ್ತನೆ ಅರ್ಧಕ್ಕೇ ನಿಂತಿದೆ. ಕೆಲಸ ಮುಗಿದಿದ್ದರೆ ಈ ಪದಗಳನ್ನೂ ಉಳಿಯಿಂದ ಅಳಿಸಿಬಿಡುತ್ತಿದ್ದರೇನೋ. ಅವಸರದಲ್ಲಿ ಕಲ್ಲು ಪೇರಿಸಿದ್ದರಿಂದಲೇ ಅವು ನಮಗೆ ದಕ್ಕಿವೆ.

ಫಲಕಗಳ ಛಾಯಾಚಿತ್ರ ತೆಗೆದ ಮೇಲೆ ಪಾದವನ್ನು ಮತ್ತೆ ಮುಚ್ಚಲಾಯಿತು. ಆಗ್ನೇಯ ಮೂಲೆಯಲ್ಲಿ ಮಾತ್ರ ಇಂದು ಕೆಲವು ಫಲಕಗಳು ತೆರೆದಿವೆ. ಅಲ್ಲಿ ಬಾಗಿ ನೋಡಿದವರಿಗೆ ಆ ಸೊಟ್ಟ ಮೋರೆಗಳೂ ಮೇಲಿನ ಬರಹವೂ ಕಾಣುತ್ತವೆ.

ನಮಸ್ಕಾರ.